ಸೆನೆಟ್ ಪಾಸು ಮಾಡಿದರೂ ಕೆನಡಾ ಸುಂಕ ಯಾಕೆ ಹೋಗಲಿಲ್ಲ?

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸೆನೆಟ್ (ಸಂಸತ್ತಿನ ಮೇಲ್ಮನೆ), ಅಧ್ಯಕ್ಷ ಟ್ರಂಪ್ ತುರ್ತು ಪರಿಸ್ಥಿತಿ ಘೋಷಿಸಿ ಕೆನಡಾ ಮೇಲೆ ಹಾಕಿದ್ದ ಸುಂಕ ತೆಗೆಯುವ ನಿರ್ಣಯವನ್ನು 50-46ರಲ್ಲಿ ಪಾಸು ಮಾಡಿದರೂ ಸುಂಕ ಉಳಿಯಿತಲ್ಲ, ಅದಕ್ಕೆ ಕಾರಣ ಸರಳ: ಸೆನೆಟ್ ಮತ ಅರ್ಧ ದಾರಿ ಅಷ್ಟೇ. ಬಹುಶಃ ನೀವು ಅದನ್ನೇ ಕಾನೂನು ಅಂದುಕೊಂಡಿರಿ.

ಅಮೆರಿಕದ ಸಂಸತ್ತಿನ ಜಾಲತಾಣ ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಆ ನಿರ್ಣಯ ತೆರೆದು, ಅದು ಎಲ್ಲಿವರೆಗೆ ಬಂತು ಅಂತ ತೋರಿಸುವ ‘ಆಕ್ಷನ್ಸ್’ ಒತ್ತಿ. ಮೊದಲು ಕೆಳಮನೆಯ ಮತ ಹುಡುಕಿ. ಆ ವರ್ಷ ಅಲ್ಲಿನ ನಾಯಕರು ನಿಯಮ ತಂದು, ಇಂಥ ನಿರ್ಣಯಗಳನ್ನು ಇಷ್ಟು ದಿನದೊಳಗೆ ಮತಕ್ಕೆ ಹಾಕಬೇಕೆಂಬ ಗಡುವಿನ ದಿನದ ಲೆಕ್ಕವೇ ಓಡದಂತೆ ಮಾಡಿದ್ದರು. ಇದು ತಪ್ಪು. ಮತವೇ ಹಾಕದಿದ್ದರೆ ಯಾರ ನಿಲುವು ಏನು ಅಂತ ಜನರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಅಧ್ಯಕ್ಷರ ಸಹಿ ನೋಡಿ. ವೀಟೊ ಬಿದ್ದರೆ, ಅಂದರೆ ಅವರು ತಿರಸ್ಕರಿಸಿದರೆ, ಅದನ್ನು ಮೀರಲು ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು.

ರಾಜಕೀಯ ಗಾಳಿ ತಿಳಿಯಲು ಪಕ್ಷದ ನಿಲುವು ದಾಟಿ ಮತ ಹಾಕಿದವರನ್ನು ಎಣಿಸಿ. ಸೆನೆಟ್ ಮತದ ದಿನ ಟ್ರಂಪ್ ಅವರದೇ ಪಕ್ಷದ ನಾಲ್ವರು ರಿಪಬ್ಲಿಕನ್ನರು ನಿರ್ಣಯದ ಪರ ಇದ್ದರು: ಕಾಲಿನ್ಸ್, ಮರ್ಕೌಸ್ಕಿ, ಮೆಕಾನೆಲ್, ಪಾಲ್.