ಅಲಸಂದೆಯ ಕಪ್ಪು ಹುಳ: ಔಷಧಿ ಹೊಡೀಬೇಡಿ

ಸಾಗರದವರು, ಅಲಸಂದೆ ಕುಡೀಲಿ ಗಿಡದ ರಸ ಹೀರೋ ಹೇನಿನ ನಡುವೆ ಕಪ್ಪು ಮೈ, ಕಿತ್ತಳೆ ಚುಕ್ಕೆಯ ಹುಳ ಓಡಾಡ್ತಿದೆ, ಔಷಧಿ ಹೊಡೀಲಾ ಅಂತ ಕೇಳಿದ್ರಿ.

ಬೇಡ ಮಾರಾಯ್ರೆ. ಅದು ಗುಲಗಂಜಿ ಹುಳದ (ಲೇಡಿಬರ್ಡ್) ಮರಿ. ಪುಟಾಣಿ ಮೊಸಳೆ ಥರ ಇರೋದಕ್ಕೆ ಎಲ್ರೂ ಹೆದರ್ತಾರೆ. ತೀರ್ಥಹಳ್ಳಿಯ ನಮ್ಮ ಹಿತ್ತಿಲಲ್ಲಿ ನಾನೇ ಎಷ್ಟೋ ಹೊಸಕಿ ಹಾಕಿದ್ದೆ. ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿ: ಹೇನನ್ನ ದವಡೇಲಿ ಕಚ್ಚಿ ಹಿಡಿದು, ರಸ ಹೀರಿ, ಮುಂದಿನದಕ್ಕೆ ಕೈ ಹಾಕುತ್ತೆ.

ಬದನೆ ಗಿಡದಲ್ಲಿ ಮಾತ್ರ ಹುಷಾರು. ಅಲ್ಲಿ ಸಿಗೋ 28 ಚುಕ್ಕೆಯ ಗುಲಗಂಜಿ ಹುಳ ಇದರದ್ದೇ ದಾಯಾದಿ, ಆದ್ರೆ ಎಲೆ ತಿನ್ನುತ್ತೆ. ಬೆನ್ನು ಮಿರುಗಲ್ಲ, ಸಣ್ಣ ರೋಮ ಇರುತ್ತೆ. ಮರಿ ಹಳದಿ, ಮೈತುಂಬ ಕವಲು ಮುಳ್ಳು. ಎಲೆಯ ಹಸಿರು ಕೆರೆದು ಜಾಲರಿ ಮಾಡಿದ್ರೆ ಅದೇ ಕಳ್ಳ. ಆರಿಸಿ ಸೋಪಿನ ನೀರಿಗೆ ಹಾಕಿ.

ಹಾಂ, ದಾಸವಾಳದಲ್ಲಿ ಹಿಟ್ಟು ತಿಗಣೆ (ಮೈಮೇಲೆ ಬಿಳಿ ಹಿಟ್ಟಿನಂಥ ಪುಡಿ ಇರೋ, ಗಿಡದ ರಸ ಹೀರೋ ಕೀಟ) ನಡುವೆ ಬಿಳಿ ಮೇಣದ ಎಳೆ ಹೊತ್ತು ಚುರುಕಾಗಿ ಓಡೋ ದೊಡ್ಡದೊಂದು ಕಂಡ್ರೆ ಅದನ್ನೂ ಬಿಡಿ. ತಿಗಣೆ ತಿನ್ನೋ ಆಸ್ಟ್ರೇಲಿಯಾ ಮೂಲದ ಗುಲಗಂಜಿಯ ಮರಿ ಅದು. 1898ರಲ್ಲಿ ಕಾಫಿಯ ಕೀಟಕ್ಕಂತ ನಮ್ಮ ದೇಶಕ್ಕೆ ತಂದಿದ್ದು.