ಹೈಸ್ಕೂಲಿನಲ್ಲಿ ಪಾಠ ಹೇಳಿ ಈಗ ತೀರಿಹೋದ ಮೇಷ್ಟ್ರುಗಳನ್ನು, ಸಿಬ್ಬಂದಿಯನ್ನು ಹಳೇ ಸಹಪಾಠಿಗಳು ಸೇರಿ ನೆನೆಯುವುದು ಹೇಗೆ?

ಹೈಸ್ಕೂಲು ಬಿಟ್ಟು 25 ವರ್ಷದ ಮೇಲೆ ಸೇರುತ್ತಿದ್ದೇವೆ, ತೀರಿಕೊಂಡ ಮೇಷ್ಟ್ರುಗಳನ್ನೂ ಸಿಬ್ಬಂದಿಯನ್ನೂ ನೆನೆಯಬೇಕೆಂದಿದೆ, ಆದರೆ ಅದು ಬರೀ ಭಾಷಣವಾಗಿಬಿಟ್ಟರೆ ಎಂಬ ಅಳುಕು ಅಂತ ಬರೆದಿದ್ದೀರಿ. ಜೊತೆಗೆ, ಕೆಲವರ ಮೇಲೆ ಪ್ರೀತಿಯೇ ಇಲ್ಲದಿದ್ದರೆ ಏನು ಮಾಡುವುದು ಅಂತಲೂ ಕೇಳಿದ್ದೀರಿ. ನಾವು ಇದನ್ನು ಎರಡು ಸಲ ಮಾಡಿದ್ದೇವೆ. ಮೊದಲ ಸಲ ಕೆಡಿಸಿದೆವು. ಆ ಕೆಡಿಸಿದ್ದರಿಂದಲೇ ಶುರು ಮಾಡುತ್ತೇನೆ.

ನಮ್ಮ ಬ್ಯಾಚಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಭೌತಶಾಸ್ತ್ರದ ಮೇಷ್ಟ್ರೂ ಇದ್ದರು. ಮಾತು ಕಡಿಮೆ. ಯಾರದಾದರೂ ಹುಟ್ಟುಹಬ್ಬವಿದ್ದರೆ ಒಂದು ಹೂವಿನ ಚಿತ್ರ ಹಾಕಿ ಸುಮ್ಮನಾಗುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಅವರು ಗುಂಪು ಬಿಟ್ಟಿದ್ದಾರೆ ಎಂಬ ಸಣ್ಣ ಸಾಲು. ಹಿಂದಿನ ರಾತ್ರಿ ಗುಂಪಿನಲ್ಲಿ ರಾಜಕೀಯದ ಮಾತು ಬಂದು ಇಬ್ಬರು ಚೆನ್ನಾಗಿ ಕಿತ್ತಾಡಿದ್ದರು. 'ನಿಮ್ಮ ಜಗಳ ನೋಡಲಾರದೆ ಸರ್ ಎದ್ದು ಹೋದರು, ಈಗ ಸಮಾಧಾನ ಆಯ್ತಾ' ಅಂತ ಉಳಿದವರು ಆ ಇಬ್ಬರ ಮೇಲೆ ಹರಿಹಾಯ್ದರು. ಇಬ್ಬರಲ್ಲಿ ಒಬ್ಬ ಕ್ಷಮೆ ಕೇಳೋಣವೆಂದು ಫೋನ್ ಮಾಡಿದರೆ ನಂಬರು ಚಾಲ್ತಿಯಲ್ಲಿಲ್ಲ. ಅವರಿವರನ್ನು ಹಿಡಿದು ವಿಚಾರಿಸಿದಾಗ ತಿಳಿಯಿತು, ಸರ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸುಮಾರು 120 ದಿನ ಯಾರೂ ಮುಟ್ಟದೆ ಬಿಟ್ಟ ಖಾತೆಯನ್ನು ವಾಟ್ಸ್ಆ್ಯಪ್ ತಾನಾಗಿಯೇ ಅಳಿಸುತ್ತದೆ. ನಮಗೆ ಬಂದ ಸಾವಿನ ಸುದ್ದಿ ಅದು. ಆ ನಾಲ್ಕು ತಿಂಗಳಲ್ಲಿ ನಾವು ಅವರಿಗೆ ಹೊಸ ವರ್ಷದ ಶುಭಾಶಯ ಕೂಡ ಹೇಳಿದ್ದೆವು. ಅಷ್ಟು ಜನರ ಗುಂಪಿನಲ್ಲಿ ಯಾರು ಓದಿದರು, ಯಾರು ಓದಲಿಲ್ಲ ಅಂತ ಯಾರು ನೋಡುತ್ತಾರೆ?

ಆ ಅಪರಾಧಿ ಭಾವದಲ್ಲೇ ಅವತ್ತು ಸಂಜೆ ಎಲ್ಲರೂ ಕೂತು 'ಇನ್ನು ಯಾರ್ಯಾರು ಹೋದರು' ಎಂಬ ಪಟ್ಟಿಗೆ ಕೈಹಾಕಿದೆವು. ಎರಡು ಗಂಟೆಯಲ್ಲಿ ಒಂಬತ್ತು ಹೆಸರು. ಒಬ್ಬಳು ಸಮಾಜ ವಿಜ್ಞಾನದ ಟೀಚರ ಹೆಸರು ಹೇಳಿದಳು. 'ಹೌದು, ನಾನೂ ಕೇಳಿದ್ದೆ' ಎಂದು ಇನ್ನಿಬ್ಬರು ದನಿಗೂಡಿಸಿದರು. ಗುಂಪಿನ ಉತ್ಸಾಹಿಯೊಬ್ಬ ಹಳೇ ಫೋಟೋ ಹುಡುಕಿ, ಕಪ್ಪು ಚೌಕಟ್ಟು ಹಾಕಿ, ಎಲ್ಲ ಕಡೆ ಹಂಚಿಯೂ ಬಿಟ್ಟ. ಮಾರನೇ ದಿನ ಯಾರದೋ ಮೂಲಕ ಒಂದು ಧ್ವನಿ ಸಂದೇಶ ಬಂತು. ಅದೇ ದನಿ, ಅದೇ ಗತ್ತು: "ನಾನಿನ್ನೂ ಇದ್ದೀನಿ ಕಣ್ರೋ. ಹೋದ ಮೇಲಾದರೂ ಬೇರೆ ಫೋಟೋ ಹಾಕಿ, ಇದರಲ್ಲಿ ಕಣ್ಣು ಮುಚ್ಚಿಕೊಂಡಿದ್ದೀನಿ."

ಈಗ ನಗುತ್ತೇವೆ. ಅವತ್ತು ಯಾರಿಗೂ ಮುಖ ಎತ್ತಲಾಗಲಿಲ್ಲ. ಆಮೇಲೆ ಕೆದಕಿದಾಗ ಗೊತ್ತಾಯಿತು: 'ನಾನೂ ಕೇಳಿದ್ದೆ' ಎಂದ ಇಬ್ಬರೂ ಕೇಳಿದ್ದು ಆ ಮೊದಲನೆಯವಳಿಂದಲೇ! ಹಾಗಾಗಿ ನನ್ನ ಮೊದಲ ಮಾತು, ಪಟ್ಟಿಗೆ ಒಂದು ಹೆಸರು ಸೇರಬೇಕಾದರೆ ಮನೆಯವರ ಬಾಯಿಂದಲೋ ಶಾಲೆಯ ಕಚೇರಿಯಿಂದಲೋ ಖಾತ್ರಿಯಾಗಬೇಕು. ಮೂವರು ಹೇಳಿದರು ಎಂಬುದು ಲೆಕ್ಕಕ್ಕಿಲ್ಲ, ಮೂವರಿಗೂ ಹೇಳಿದವರು ಒಬ್ಬರೇ ಇರಬಹುದು. ಖಾತ್ರಿಯಾಗದ ಹೆಸರನ್ನು ಬಿಟ್ಟುಬಿಡಿ. ಬಿಟ್ಟುಹೋದ ಹೆಸರನ್ನು ಮುಂದಿನ ಸಲ ಸೇರಿಸಬಹುದು, ಬದುಕಿರುವವರನ್ನು ಸಾಯಿಸಿದರೆ ತಿದ್ದುವುದು ಕಷ್ಟ.

ಇನ್ನು ನೆನಪುಗಳ ವಿಷಯ. ಇಲ್ಲೂ ಅದೇ ರೋಗ. ಮೊದಲ ಸಲ ನಾವು ಎಲ್ಲರೂ ಒಟ್ಟಿಗೆ ಕೂತು 'ಹೇಳ್ರಪ್ಪಾ, ಯಾರಿಗೆ ಏನು ನೆನಪಿದೆ' ಅಂದೆವು. ಜೋರು ದನಿಯ ಇಬ್ಬರು ಮಾತಾಡಿದರು, ಉಳಿದವರು ತಲೆಯಾಡಿಸಿದರು. ಒಬ್ಬ ತನ್ನ ವ್ಯಾಪಾರದ ಕಥೆಯನ್ನೇ ಇಪ್ಪತ್ತು ನಿಮಿಷ ಹೇಳಿ, ಕೊನೆಯಲ್ಲಿ 'ಇದಕ್ಕೆಲ್ಲ ಕಾರಣ ನಮ್ಮ ಮೇಷ್ಟ್ರು' ಅಂತ ಒಂದು ಸಾಲು ಅಂಟಿಸಿದ. ಶಾಲೆಯ ಗಂಟೆಯ ವಿಷಯ ಬಂದಾಗ ಒಬ್ಬ ಅದು ಕಬ್ಬಿಣದ ತುಂಡು, ಸುತ್ತಿಗೆಯಲ್ಲಿ ಬಾರಿಸುತ್ತಿದ್ದರು ಎಂದ. ನನ್ನ ತಲೆಯಲ್ಲಿದ್ದದ್ದು ಕಂಚಿನ ತಟ್ಟೆ. ಅವನು ಅಷ್ಟು ಖಡಾಖಂಡಿತವಾಗಿ ಹೇಳಿದ್ದರಿಂದ ನಾನು ಸುಮ್ಮನಾದೆ. ಸುಮ್ಮನಾದದ್ದಷ್ಟೇ ಅಲ್ಲ, ವಾರದ ಮೇಲೆ ನನಗೂ ಕಬ್ಬಿಣದ ಸದ್ದೇ ಕಿವಿಯಲ್ಲಿ ಕೇಳತೊಡಗಿತು. ಎರಡನೇ ಸಲ ಶಾಲೆಗೆ ಹೋದಾಗ ನೋಡಿದೆ. ಕಂಚಿನ ತಟ್ಟೆಯೇ. ಮೂಲೆಯಲ್ಲಿ ಬಿದ್ದಿತ್ತು, ಅಂಚಿನಲ್ಲಿ ಒಂದು ಬಿರುಕು.

ಇದು ನಮ್ಮ ಗುಂಪಿನ ದೌರ್ಬಲ್ಯ ಮಾತ್ರ ಅಲ್ಲ. ಮೇರಿ ವೆಲ್ಡನ್ ಮತ್ತು ಕ್ರಿಸ್ಟಲ್ ಬೆಲ್ಲಿಂಜರ್ ಎಂಬ ಮನಶ್ಶಾಸ್ತ್ರಜ್ಞರು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸುತ್ತವೆ. ಮೂವರು ಒಟ್ಟಿಗೆ ಕೂತು ನೆನಪಿಸಿಕೊಂಡದ್ದಕ್ಕಿಂತ, ಬೇರೆಬೇರೆ ಕೂತ ಮೂವರು ಬರೆದದ್ದನ್ನು ಆಮೇಲೆ ಕೂಡಿಸಿದರೆ ಹೆಚ್ಚು ಸಿಗುತ್ತದೆ. ಒಬ್ಬರ ಮಾತಿನ ಜಾಡು ಇನ್ನೊಬ್ಬರ ನೆನಪಿನ ಜಾಡನ್ನು ಕಡಿದುಹಾಕುತ್ತದೆ. ಹಾಗಾಗಿ ಎರಡನೇ ಸಲ ನಾವು ಸೇರುವುದಕ್ಕೆ ತಿಂಗಳ ಮೊದಲೇ ಎಲ್ಲರಿಗೂ ಹೇಳಿದೆವು: ಒಬ್ಬೊಬ್ಬರೇ ಬರೆಯಿರಿ, ಗುಂಪಿಗೆ ಹಾಕಬೇಡಿ, ಒಬ್ಬಳಿಗೆ ಮಾತ್ರ ಕಳಿಸಿ. 'ಒಳ್ಳೆಯವರು', 'ಶಿಸ್ತಿನ ಸಿಪಾಯಿ', 'ನಮ್ಮ ಬಾಳಿಗೆ ಬೆಳಕು' ಇಂಥ ಮಾತು ಬೇಡ. ಅವರು ಮಾಡಿದ ಒಂದು ಕೆಲಸ, ಆಡಿದ ಒಂದು ಮಾತು, ಇಲ್ಲವೇ ಅವರ ಕೈಯಲ್ಲಿದ್ದ ಒಂದು ವಸ್ತು, ಅಷ್ಟೇ ಬರೆಯಿರಿ. ನಿಮಗೂ ಇದನ್ನೇ ಹೇಳುತ್ತೇನೆ, ಬೇರೆ ಏನು ಮಾಡದಿದ್ದರೂ ಇದೊಂದು ಮಾಡಿ.

ಬರೆಯಲು ಕೂತರೆ ಏನೂ ಹೊಳೆಯುವುದಿಲ್ಲ ಎನ್ನುವವರಿಗೆ ಶಾಲೆಯ ಗುಂಪುಫೋಟೋ ಕಳಿಸಿ. ಹ್ಯಾರಿ ಬಾರಿಕ್ ಮತ್ತು ಜೊತೆಯವರು 1975ರಲ್ಲಿ ಪ್ರಕಟಿಸಿದ ಒಂದು ಹೆಸರಾಂತ ಅಧ್ಯಯನವಿದೆ. ಹೈಸ್ಕೂಲು ಮುಗಿಸಿದ 392 ಜನರ ನೆನಪನ್ನು ಅವರು ಹಳೇ ವಾರ್ಷಿಕ ಸಂಚಿಕೆಗಳ ಚಿತ್ರ ಇಟ್ಟುಕೊಂಡು ಪರೀಕ್ಷಿಸಿದರು. ಶಾಲೆ ಬಿಟ್ಟು 35 ವರ್ಷವಾದವರೂ ಸಹಪಾಠಿಗಳ ಮುಖವನ್ನು ಸುಮಾರು ಶೇ 90ರಷ್ಟು ಸರಿಯಾಗಿ ಗುರುತಿಸಿದರು. ಯಾವ ಸುಳಿವೂ ಇಲ್ಲದೆ ಹೆಸರು ಹೇಳಿ ಎಂದಾಗ ಮಾತ್ರ ಬಹಳ ಹಿಂದೆ ಬಿದ್ದರು. ಅದು ಸಹಪಾಠಿಗಳ ಲೆಕ್ಕ ನಿಜ, ಆದರೆ ಮೇಷ್ಟ್ರುಗಳ ವಿಷಯದಲ್ಲೂ ನಮಗೆ ಆದದ್ದು ಹಾಗೆಯೇ. ನನಗೆ ಏನೂ ನೆನಪಿಲ್ಲ ಎಂದಿದ್ದ ಒಬ್ಬಳು ಫೋಟೋದ ತುದಿಯಲ್ಲಿ ನಿಂತ ಲ್ಯಾಬ್ ಅಟೆಂಡರನ್ನು ನೋಡಿದ್ದೇ ಎರಡು ಪುಟ ಬರೆದಳು. ಆಮ್ಲ ಬಿದ್ದು ತೂತಾದ ಅವರ ತೋಳಿನ ಅಂಗಿ, ಒಡೆದ ಪರೀಕ್ಷಾನಾಳದ ದಂಡ ಯಾರಿಗೂ ಹಾಕದೆ ಚೂರುಗಳನ್ನು ಒಂದು ಡಬ್ಬದಲ್ಲಿ ಕೂಡಿಡುತ್ತಿದ್ದದ್ದು, ಎಲ್ಲ.

ಸಿಬ್ಬಂದಿ ಅಂತ ನೀವು ಪ್ರಶ್ನೆಯಲ್ಲೇ ಸೇರಿಸಿದ್ದು ನೋಡಿ ಖುಷಿಯಾಯಿತು, ಏಕೆಂದರೆ ನಾವು ಮೊದಲ ಸಲ ಅವರನ್ನು ಮರೆತೇ ಬಿಟ್ಟಿದ್ದೆವು. ಎರಡನೇ ಸಲ ಗಂಟೆ ಬಾರಿಸುತ್ತಿದ್ದವರ ಹೆಸರು ಬರೆಯಲು ಹೋದರೆ ಯಾರಿಗೂ ಗೊತ್ತಿಲ್ಲ. ಎಲ್ಲರೂ ಅವರನ್ನು 'ಅಣ್ಣ' ಅಂತಲೇ ಕರೆದದ್ದು. ಶಾಲೆಯ ಕಚೇರಿಗೆ ಹೋದೆ. ಗುಮಾಸ್ತರು ಹಳೇ ಸಂಬಳ ಬಟವಾಡೆ ಪುಸ್ತಕ ತೆಗೆದರು. ಮೊತ್ತದ ಸಾಲು ಹೊರಗಿನವರಿಗೆ ಕಾಣಬಾರದು ಎಂದು ಅದರ ಮೇಲೆ ಒಂದು ಅಡಿಕೋಲು ಅಡ್ಡ ಇಟ್ಟು, ಹೆಸರು ಮತ್ತು ಸಹಿಯ ಜಾಗ ಮಾತ್ರ ತೋರಿಸಿದರು. ಹೆಸರು ಸಿಕ್ಕಿತು. ಅದರ ಮುಂದೆ ನೀಲಿ ಶಾಯಿಯ ಹೆಬ್ಬೆಟ್ಟು. ಮುಂದಿನ ತಿಂಗಳೂ ಹೆಬ್ಬೆಟ್ಟು, ಅದರ ಮುಂದಿನದೂ. ಪುಟ ತಿರುವುತ್ತಾ ಹೋದ ಹಾಗೆ, ನಾವು ಒಂಬತ್ತನೇ ತರಗತಿಯಲ್ಲಿದ್ದ ವರ್ಷದ ಒಂದು ತಿಂಗಳಿಂದ ಸಹಿ. ಮೊದಲ ಸಹಿ ಚೌಕದೊಳಗೆ ಹಿಡಿಸದೆ ಪಕ್ಕದವರ ಚೌಕಕ್ಕೆ ಹೋಗಿತ್ತು. ನಾಲ್ಕೈದು ತಿಂಗಳಲ್ಲಿ ಚಿಕ್ಕದಾಗಿ, ನೆಟ್ಟಗಾಗಿ ಕೂತಿತ್ತು. ಕಲಿಸಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಎಲ್ಲ ಮೇಷ್ಟ್ರುಗಳ ಮನೆಯಲ್ಲೂ ಕೇಳಿದೆವು, ನಮ್ಮವರೇ ಇರಬೇಕು ಎಂದು ಯಾರೂ ಹೇಳಲಿಲ್ಲ. ನಾವು ಆ ಕಟ್ಟಡದಲ್ಲೇ ದಿನವಿಡೀ ಕೂತು ಅಕ್ಷರ ಕಲಿಯುತ್ತಿದ್ದಾಗ ಇನ್ನೊಂದು ಪಾಠವೂ ನಡೆದಿತ್ತು ಎಂಬುದಷ್ಟೇ ಗೊತ್ತು.

ನಿಮ್ಮ ಎರಡನೇ ಪ್ರಶ್ನೆ, ಪ್ರೀತಿ ಇಲ್ಲದವರ ವಿಷಯ. ಹೊಡೆಯುವ ಮೇಷ್ಟ್ರೊಬ್ಬರು ನಮಗೂ ಇದ್ದರು. ಹೊಡೆತಕ್ಕಿಂತ ಅವರ ನಾಲಿಗೆ ಹೆಚ್ಚು ಸುಡುತ್ತಿತ್ತು. ಗುಂಪಿನಲ್ಲಿ ಅವರ ಮಾತು ಬಂದಾಗಲೆಲ್ಲ 'ಅವರ ಏಟಿನಿಂದಲೇ ನಾವು ಮನುಷ್ಯರಾದೆವು' ಎಂಬ ಹಾಡು ಶುರುವಾಗುತ್ತಿತ್ತು. ನನಗೆ ಅದು ಹಿಡಿಸುವುದಿಲ್ಲ. ವರ್ಷ ಕಳೆದಂತೆ ನಮ್ಮ ನೆನಪು ಸಿಹಿಯ ಕಡೆಗೇ ವಾಲುತ್ತದೆ. ಅದೇ ಬಾರಿಕ್ ಅವರ ತಂಡ 1996ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಅವರ ಹೈಸ್ಕೂಲಿನ ಗ್ರೇಡ್‌ಗಳನ್ನು ನೆನಪಿಸಿಕೊಳ್ಳಲು ಹೇಳಿ, ಶಾಲೆಯ ದಾಖಲೆಯ ಜೊತೆ ತಾಳೆ ನೋಡಿತು. ಎ ಗ್ರೇಡ್ ಬಂದದ್ದನ್ನು ಶೇ 89ರಷ್ಟು ಸರಿಯಾಗಿ ಹೇಳಿದವರು ಡಿ ಬಂದದ್ದನ್ನು ಸರಿಯಾಗಿ ಹೇಳಿದ್ದು ಶೇ 29 ಮಾತ್ರ. ತಪ್ಪಿದವರಲ್ಲಿ ಹೆಚ್ಚಿನವರು ತಪ್ಪಿದ್ದು ಮೇಲ್ಮುಖವಾಗಿ. ನಮ್ಮ ಅಂಕಪಟ್ಟಿಯನ್ನೇ ಹೀಗೆ ತಿದ್ದಿಕೊಳ್ಳುವವರು ಬಾಸುಂಡೆಯನ್ನು ಬಿಡುತ್ತೇವೆಯೇ?

ನಮ್ಮಲ್ಲೊಬ್ಬ ಅವರ ಬಗ್ಗೆ ಏನೂ ಬರೆಯುವುದಿಲ್ಲ ಎಂದ. ಅವನನ್ನು ತರಗತಿಯೆದುರು ಅವನ ಅಪ್ಪನ ಕಸುಬು ಹಿಡಿದು ಹೀಯಾಳಿಸುತ್ತಿದ್ದರು. ಕೆಲವರು 'ಸತ್ತವರ ಮೇಲೆ ಎಂಥ ಹಗೆ, ಮರೆತುಬಿಡು' ಎಂದು ಒತ್ತಾಯಕ್ಕೆ ನಿಂತರು. ಬೇಡ ಅಂದೆ. ಹೋದವರನ್ನು ಬೈಯಲು ಸಭೆ ಕರೆಯಬೇಕಾಗಿಲ್ಲ, ಹಾಗೆಂದು ನೊಂದವನ ಕೈಯಲ್ಲಿ ಹೊಗಳಿಕೆ ಬರೆಸುವುದೂ ಸಲ್ಲ. ಆ ಮೇಷ್ಟ್ರ ಹೆಸರು ಓದಿದೆವು, ಎಷ್ಟು ವರ್ಷ ಪಾಠ ಮಾಡಿದರು ಎಂದು ಹೇಳಿದೆವು, ಇಬ್ಬರು ತಮಗೆ ನೆನಪಿದ್ದದ್ದನ್ನು ಓದಿದರು. ಇವನು ಎದ್ದು ಹೊರಗೆ ಹೋಗಲಿಲ್ಲ, ತಲೆ ತಗ್ಗಿಸಿಯೂ ಕೂರಲಿಲ್ಲ. ಮುಂದಿನ ಹೆಸರಿಗೆ ಬಂದೆವು.

ಕಾರ್ಯಕ್ರಮದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಒಬ್ಬೊಬ್ಬರ ಬಗ್ಗೆ ಬಂದ ಬರಹದಲ್ಲಿ ಎರಡು ಮೂರನ್ನು ಮಾತ್ರ ಓದಿ, ಬರೆದವರೇ ಓದಬೇಕೆಂದಿಲ್ಲ. ಮೈಕು ಬೇಡ. ಹೋದ ಸಹಪಾಠಿಗಳಿದ್ದರೆ ಅವರನ್ನು ಇದರಲ್ಲಿ ಬೆರೆಸಬೇಡಿ, ಆ ದುಃಖ ಬೇರೆ, ಅದಕ್ಕೆ ಬೇರೆ ಹೊತ್ತು ಕೊಡಿ. ಫೋಟೋ ಹಾಕುವ ಮೊದಲು ಮನೆಯವರನ್ನು ಕೇಳಿ. (ಕಣ್ಣು ತೆರೆದಿದೆಯಾ ಅಂತಲೂ ನೋಡಿ.)

ಆದರೆ ಮನೆಯವರಿಗೆ ಫೋನ್ ಮಾಡುವುದು ಬರೀ ಅನುಮತಿ ಕೇಳಲು ಅಂತ ನಾನು ಅಂದುಕೊಂಡಿದ್ದು ತಪ್ಪು. ನಮ್ಮ ಭೌತಶಾಸ್ತ್ರದ ಮೇಷ್ಟ್ರ ಬಗ್ಗೆ ಹತ್ತೊಂಬತ್ತು ಜನ ಬರೆದಿದ್ದರು. ಬೇರೆಬೇರೆ ಊರಲ್ಲಿ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ ಬರೆದ ಆ ಹತ್ತೊಂಬತ್ತರಲ್ಲಿ ಏಳು ಸೀಮೆಸುಣ್ಣದ ಬಗ್ಗೆ ಇದ್ದವು. ಸರ್ ಹೊಸ ಸೀಮೆಸುಣ್ಣವನ್ನು ಇಡಿಯಾಗಿ ಎಂದೂ ಬಳಸಲಿಲ್ಲ. ತರಗತಿಗೆ ಬಂದ ಕೂಡಲೇ ಟಪ್ ಎಂದು ಎರಡು ತುಂಡು ಮಾಡುವುದು, ಒಂದರಲ್ಲಿ ಬರೆಯುವುದು, ಇನ್ನೊಂದನ್ನು ಅಂಗಿಯ ಜೇಬಿಗೆ ಹಾಕುವುದು. ಕೇಳಿದರೆ, "ಉದ್ದ ಇದ್ದರೆ ಕಂಪಿಸುತ್ತೆ, ಕಂಪಿಸಿದರೆ ಕಿರುಚುತ್ತೆ, ಕಿರುಚಿದರೆ ನೀವು ಹಲ್ಲು ಕಚ್ಚುತ್ತೀರಿ" ಎನ್ನುತ್ತಿದ್ದರು. ಅನುರಣನದ ಪಾಠ ಅವರು ಶುರು ಮಾಡಿದ್ದೂ ಆ ಟಪ್ ಸದ್ದಿನಿಂದಲೇ.

ಅವರ ಮಗನಿಗೆ ಫೋನಿನಲ್ಲಿ ಇದನ್ನು ಓದಿ ಹೇಳಿದೆ. ಆತ ಮೊದಲಿನಿಂದ ಹ್ಞೂಂ, ಹ್ಞೂಂ ಎಂದು ಔಪಚಾರಿಕವಾಗಿ ಕೇಳುತ್ತಿದ್ದವರು ಇಲ್ಲಿಗೆ ಬಂದಾಗ ಮಾತೇ ನಿಲ್ಲಿಸಿದರು. ಲೈನು ಕಡಿದುಹೋಯಿತೇನೋ ಅಂದುಕೊಂಡೆ. ಆಮೇಲೆ, "ನಮ್ಮಮ್ಮ ಮೂವತ್ತು ವರ್ಷ ಬೈದಿದ್ದಾರೆ ಸರ್" ಅಂದರು. ಒಗೆಯುವಾಗ ಪ್ರತಿ ಅಂಗಿಯ ಜೇಬಿನಲ್ಲೂ ಅರ್ಧ ಸೀಮೆಸುಣ್ಣ, ನೆನೆದು ಹಿಟ್ಟಾಗಿ ಬಟ್ಟೆಗೆಲ್ಲ ಮೆತ್ತಿಕೊಳ್ಳುತ್ತಿತ್ತಂತೆ. ಅಪ್ಪ ಏನೂ ಹೇಳದೆ ನಗುತ್ತಿದ್ದರಂತೆ. ಅರ್ಧ ಯಾಕೆ, ಜೇಬಿಗೆ ಯಾಕೆ, ಯಾರಿಗೂ ಗೊತ್ತಿರಲಿಲ್ಲ.

"ಒಂದು ನಿಮಿಷ ಇರಿ," ಅಂದರು, "ಫೋನು ಅಮ್ಮನ ಕೈಗೆ ಕೊಡ್ತೀನಿ. ಆ ಸೀಮೆಸುಣ್ಣದ್ದು ಇನ್ನೊಂದು ಸಲ ಓದಿ. ಸ್ವಲ್ಪ ಜೋರಾಗಿ ಓದಬೇಕು, ಅವರಿಗೆ ಕಿವಿ ಮಂದ."