ಕುರುಡರೊಬ್ಬರು ಅಡ್ಡ ಇಟ್ಟ ಡಬ್ಬಗಳನ್ನ ತಪ್ಪಿಸ್ಕೊಂಡು ನಡೆಯೋ ವಿಡಿಯೋ ಬಂದಿದೆ, ಅದು ನಿಜಾನಾ? ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳಿಗೆ ಓದೋದು ಕಲಿಸ್ತೀವಿ ಅನ್ನೋ ಮಿಡ್‌ಬ್ರೇನ್ ಟ್ರೇನಿಂಗಿಂದ ಇದು ಎಲ್ರಿಗೂ ಬರತ್ತಂತೆ, ಮಗನ್ನ ಸೇರಿಸ್ಬಹುದಾ?

ವಿಡಿಯೋ ನಿಜ, ಅದರಲ್ಲಿರೋದು ಬ್ಲೈಂಡ್‌ಸೈಟ್ ಅನ್ನೋದು, ಏನು ಅಂತ ಮುಂದೆ ಹೇಳ್ತೀನಿ. ಅದರ ಕೆಳಗೆ ಮಿಡ್‌ಬ್ರೇನು, ಮೂರನೇ ಕಣ್ಣು ಅಂತ ಬರ್ದಿರೋದು ಯಾರೋ ಸೇರಿಸಿದ ಒಗ್ಗರಣೆ.

ನಾನು ಡಾಕ್ಟರಲ್ಲ, ಮೊದಲೇ ಹೇಳ್ಬಿಡ್ತೀನಿ. ನಮ್ಮ ದೊಡ್ಡಪ್ಪಂಗೆ ಸ್ಟ್ರೋಕ್ ಆದ್ಮೇಲೆ ಈ ವಿಷಯದ ಹಿಂದೆ ಬಿದ್ದು ಓದಿದ್ದು ಅಷ್ಟೆ. ಅವರಿಗೆ ಕೈಕಾಲು ಒಂದೂವರೆ ತಿಂಗಳಲ್ಲಿ ಸರಿಹೋಯ್ತು, ಆದ್ರೆ ಬಾಗಿಲು ದಾಟುವಾಗೆಲ್ಲ ಎಡಭುಜ ಚೌಕಟ್ಟಿಗೆ ಹೊಡ್ಕೊಳ್ಳೋರು, ಎಡಗಣ್ಣು ಮಂಜಾಗಿದೆ ಕಣೋ ಅಂತ ಅವರೇ ಹೇಳಿದ್ರು, ನಾವೂ ನಂಬಿ ಕನ್ನಡಕದ ಅಂಗಡಿಗೆ ಕರ್ಕೊಂಡು ಹೋಗಿ ಹೊಸ ಗ್ಲಾಸ್ ಮಾಡ್ಸಿದ್ವಿ, ದುಡ್ಡು ದಂಡ. ಆಮೇಲೆ ಒಂದು ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತು "ಉಪ್ಪು, ಉಪ್ಪಿನಕಾಯಿ ಹಾಕ್ದೇನೇ ಮುಂದೆ ಹೋದ್ನಲ್ಲ ಇವ್ನು" ಅಂತ ಬಡಿಸೋ ಹುಡುಗನಿಗೆ ಬೈದ್ರು. ಎರಡೂ ಎಲೆಯ ಎಡ ತುದೀಲಿ ಹಾಕಿದ್ದು ಹಾಕಿದ ಹಾಗೇ ಇದ್ವು. ಅವತ್ತು ನಮಗೆ ಅನುಮಾನ ಬಂದು ನ್ಯೂರೋ ಡಾಕ್ಟರ್ ಹತ್ರ ಹೋದಾಗ ಗೊತ್ತಾಗಿದ್ದು, ಕಣ್ಣಲ್ಲಿ ಏನೂ ತೊಂದರೆ ಇಲ್ಲ, ಹೋಗಿರೋದು ಮೆದುಳಿನ ಹಿಂಭಾಗದಲ್ಲಿ, ಬಲಗಡೆ. ಅಲ್ಲಿ ಏಟಾದ್ರೆ ಎರಡೂ ಕಣ್ಣಿನ ನೋಟದಲ್ಲಿ ಎಡಗಡೆ ಅರ್ಧ ಹೋಗತ್ತೆ, ಯಾವ ಕಣ್ಣು ಮುಚ್ಚಿ ನೋಡಿದ್ರೂ ಅಷ್ಟೆ.

"ಆ ಕಡೆ ಕಪ್ಪಗೆ ಕಾಣತ್ತಾ ದೊಡ್ಡಪ್ಪ?" ಅಂತ ಕೇಳ್ದೆ. "ನಿನ್ನ ಬೆನ್ನ ಹಿಂದೆ ನಿಂಗೆ ಯಾವ ಬಣ್ಣ ಕಾಣತ್ತೆ ಹೇಳು" ಅಂದ್ರು. ನಾನು ಓದಿದ ಎಷ್ಟೋ ಲೇಖನಕ್ಕಿಂತ ಈ ಮಾತು ಚೆನ್ನಾಗಿ ತಲೆಗೆ ಹೋಯ್ತು.

ಈಗ ನಿಮ್ಮ ವಿಡಿಯೋಗೆ ಬರ್ತೀನಿ. ಅದು 2008ರದ್ದು, ಬಿಯಾಟ್ರಿಸ್ ಡಿ ಗೆಲ್ಡರ್ ಅಂತ ನೆದರ್‌ಲೆಂಡ್ಸ್‌ನ ಕಾಗ್ನಿಟಿವ್ ನ್ಯೂರೋಸೈಂಟಿಸ್ಟ್, ಅಂದ್ರೆ ಮೆದುಳು ಮನಸ್ಸು ಹೇಗೆ ಕೆಲಸ ಮಾಡತ್ತೆ ಅಂತ ನೋಡೋ ವಿಜ್ಞಾನಿ, ಅವರು ಮತ್ತೆ ಅವರ ಜೊತೆಯವರು ಮಾಡಿದ್ದು. ನಡೆಯೋ ವ್ಯಕ್ತಿಯನ್ನ ಟಿಎನ್ ಅಂತ ಎರಡಕ್ಷರದಲ್ಲೇ ಕರೀತಾರೆ. ಸ್ವತಃ ಡಾಕ್ಟರ್ ಆಗಿದ್ದವರು, ಕೆಲವೇ ವಾರಗಳ ಅಂತರದಲ್ಲಿ ಎರಡು ಸ್ಟ್ರೋಕ್ ಆಗಿ ನಮ್ಮ ದೊಡ್ಡಪ್ಪಂಗೆ ಒಂದು ಕಡೆ ಹೋದದ್ದು ಅವರಿಗೆ ಎರಡೂ ಕಡೆ ಹೋಯ್ತು, ಪೂರ್ತಿ ಕುರುಡು, ಕೋಲು ಹಿಡ್ಕೊಂಡೇ ಓಡಾಡೋರು. ಆ ಕೋಲು ಇಟ್ಬಿಟ್ಟು ಈ ಓಣಿಯಂಥ ಜಾಗದಲ್ಲಿ ನಡೀರಿ ಅಂದ್ರು, ದಾರೀಲಿ ಡಬ್ಬ ಗಿಬ್ಬ ಇಟ್ಟಿದೀವಿ ಅಂತ ಹೇಳ್ಲಿಲ್ಲ. ಬಿದ್ರೆ ಹಿಡ್ಕೊಳ್ಳೋಕೆ ಹಿಂದೆ ಒಬ್ರು. ಟಿಎನ್ ಒಂದಕ್ಕೂ ಕಾಲು ತಾಗಿಸ್ದೆ ಪಕ್ಕ ಸರ್ಕೊಂಡು ಸರ್ಕೊಂಡು ಆ ಕಡೆ ಸೇರ್ಕೊಂಡ್ರು. ಆಮೇಲೆ ಕೇಳಿದ್ರೆ ತಾನು ಏನನ್ನೋ ತಪ್ಪಿಸ್ಕೊಂಡು ಬಂದೆ ಅನ್ನೋದೇ ಅವರಿಗೆ ಗೊತ್ತಿಲ್ಲ! ನನಗೆ ವಿಡಿಯೋಗಿಂತ ಇದೇ ಮೈ ಜುಂ ಅನ್ಸೋದು.

ಇದಕ್ಕೆ ಬ್ಲೈಂಡ್‌ಸೈಟ್ ಅಂತಾರೆ, ಕನ್ನಡದಲ್ಲಿ ಬೇಕಾದ್ರೆ ಕುರುಡುನೋಟ ಅನ್ಕೊಳ್ಳಿ. ಹೆಸರು ಬಂದಿದ್ದು 1974ರಲ್ಲಿ, ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ಲಾರೆನ್ಸ್ ವೈಸ್‌ಕ್ರಾಂಟ್ಜ್ ಮತ್ತೆ ಅವರ ಸಂಗಡಿಗರಿಂದ. ಡಿಬಿ ಅನ್ನೋ ರೋಗಿಗೆ ಮೆದುಳಲ್ಲಿ ರಕ್ತನಾಳದ ಗಂಟು ಇತ್ತು, 1973ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಮಾಡಿ ತೆಗೆದ್ರು, ಅದರ ಜೊತೆ ಮೆದುಳಿನ ಬಲಗಡೆ ಇರೋ ನೋಟದ ಭಾಗವೂ ಹೋಗಿ ಎಡಗಡೆ ಏನೂ ಕಾಣದ ಹಾಗಾಯ್ತು, ಥೇಟ್ ದೊಡ್ಡಪ್ಪನ ಥರ. ಆ ಕಾಣದ ಕಡೆ ಒಂದು ಲೈಟ್ ಮಿಂಚಿಸಿ ಎಲ್ಲಿದೆ ತೋರ್ಸಿ ಅಂದ್ರೆ ಡಿಬಿ ಕಾಣಲ್ಲ ಅಂತಿದ್ರು. ಕಾಣ್ದಿದ್ರೆ ಬೇಡ, ಸುಮ್ನೆ ಅಂದಾಜಲ್ಲಿ ಕೈ ಮಾಡಿ ಅಂದ್ರೆ ಕೈ ಸರಿಯಾದ ಜಾಗಕ್ಕೇ ಹೋಗೋದು. ಗೆರೆ ಅಡ್ಡ ಇದೆಯೋ ಉದ್ದ ಇದೆಯೋ, ತೋರಿಸಿದ್ದು ಎಕ್ಸೋ ಓನೋ, ಬಾಯಿಗೆ ಬಂದದ್ದು ಹೇಳಿದ್ರೆ ಹತ್ತಕ್ಕೆ ಐದು ಸರಿ ಬರ್ಬೇಕು ತಾನೇ, ಅದಕ್ಕಿಂತ ತುಂಬಾ ಜಾಸ್ತಿ ಬರೋದು. ಇಷ್ಟು ಸರಿ ಹೇಳಿದ್ರಿ ಅಂತ ತೋರಿಸಿದ್ರೆ ಅವರಿಗೇ ನಂಬಿಕೆ ಇಲ್ಲ.

ಅಯ್ಯೋ ಏನೋ ಬೆಳಕು ಚದುರಿ ಕಾಣೋ ಕಡೆಗೆ ಬಿದ್ದಿರತ್ತೆ ಬಿಡಿ ಅಂತ ಆಕ್ಷೇಪ ಮಾಡ್ದೋರೂ ಇದ್ರು, ನ್ಯಾಯವಾದ ಆಕ್ಷೇಪಾನೇ. ಅದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಒಂದು ಹಾಳೆ ಮೇಲೆ ಎಡಗಡೆ ಕೂಡಿಸೋ ಚಿಹ್ನೆ, ಬಲಗಡೆ ಎಂಟು ಸೆಂಟಿಮೀಟರ್ ದೂರದಲ್ಲಿ ಒಂದು ದಪ್ಪ ಚುಕ್ಕೆ ಬರೀರಿ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಕೂಡಿಸೋ ಚಿಹ್ನೇನೇ ದಿಟ್ಟಿಸ್ತಾ ಹಾಳೆ ಹಿಂದೆ ಮುಂದೆ ಮಾಡಿ, ಸುಮಾರು ಒಂದಡಿ ದೂರದಲ್ಲಿ ಚುಕ್ಕೆ ಮಾಯ ಆಗತ್ತೆ. ಕಣ್ಣಿನ ನರ ಹೊರಗೆ ಹೋಗೋ ಜಾಗ ಅದು, ಅಲ್ಲಿ ಬೆಳಕು ಹಿಡಿಯೋ ಕೋಶಗಳೇ ಇಲ್ಲ. ವೈಸ್‌ಕ್ರಾಂಟ್ಜ್ ಡಿಬಿಗೆ ಇದೇ ಜಾಗಕ್ಕೆ ಬೆಳಕು ಬಿಟ್ರು, ಅಂದಾಜು ಕೆಲಸ ಮಾಡ್ಲಿಲ್ಲ. ಅದರ ಪಕ್ಕದಲ್ಲೇ, ಅದೂ ಕುರುಡು ಭಾಗಾನೇ, ಅಲ್ಲಿ ಬಿಟ್ರು, ಕೆಲಸ ಮಾಡ್ತು. ಚದುರಿದ ಬೆಳಕೇ ಕಾರಣ ಆಗಿದ್ರೆ ಎರಡೂ ಕಡೆ ಒಂದೇ ಥರ ಆಗ್ಬೇಕಿತ್ತು.

ಹೇಗಾಗತ್ತೆ ಅಂದ್ರೆ ಕಣ್ಣಿಂದ ಹೊರಡೋ ಸುಮಾರು 10 ಲಕ್ಷ ನರದ ಎಳೆಗಳಲ್ಲಿ ಹೆಚ್ಚಿನವು ಥಾಲಮಸ್ ಅನ್ನೋ ಮೆದುಳಿನ ನಡುವಿನ ಜಂಕ್ಷನ್ ಮೂಲಕ ಮೆದುಳಿನ ಹಿಂಭಾಗಕ್ಕೆ ಹೋಗತ್ವೆ, ದೊಡ್ಡಪ್ಪಂಗೆ ಕೆಟ್ಟಿದ್ದು ಆ ಮೇನ್ ರೋಡು ಮುಟ್ಟೋ ಊರು. ಒಂದಷ್ಟು ಎಳೆಗಳು ಮಾತ್ರ ಒಳದಾರಿ ಹಿಡ್ದು ಸುಪೀರಿಯರ್ ಕಾಲಿಕ್ಯುಲಸ್ ಅನ್ನೋ ಹಳೇ ಭಾಗಕ್ಕೆ ಹೋಗತ್ವೆ, ಕಪ್ಪೆ ನೊಣ ಹಿಡಿಯೋದು ಇಂಥದ್ದೇ ಭಾಗದಿಂದ. ಥಾಲಮಸ್‌ನಿಂದ ಹಿಂಭಾಗವನ್ನ ಬಿಟ್ಟು ಬೇರೆ ಕಡೆಗೂ ಸಣ್ಣಪುಟ್ಟ ದಾರಿಗಳಿವೆ. ಬ್ಲೈಂಡ್‌ಸೈಟಲ್ಲಿ ಯಾವ ದಾರಿ ಎಷ್ಟು ಕೆಲಸ ಮಾಡತ್ತೆ ಅಂತ ಈಗ್ಲೂ ಜಗಳ ಇದೆ. ಡಿ ಗೆಲ್ಡರ್ ತಂಡ 2009ರಲ್ಲಿ ಇನ್ನೊಂದು ತೋರಿಸ್ತು: ಇಂಥ ಇಬ್ಬರು ರೋಗಿಗಳಿಗೆ ಕಾಣದ ಕಡೆ ನಗೋ ಮುಖ, ಹೆದರಿದ ಮುಖ ತೋರಿಸಿದ್ರೆ ಅವರ ಕೆನ್ನೆ, ಹುಬ್ಬಿನ ಸ್ನಾಯುಗಳು ಅದಕ್ಕೆ ತಕ್ಕ ಹಾಗೆ ಅಲ್ಲಾಡಿದ್ವು, ಮುಖ ಕಂಡಿದ್ದೇ ಇಲ್ಲ.

ಹಾಗಾದ್ರೆ ಅವರಿಗೆ ಏನೇನೂ ಕಾಣ್ಸಲ್ವಾ? ಕೆಲವರು ಪಟ್ ಅಂತ ಚಲಿಸಿದ್ದು ಏನೋ ಆಯ್ತು ಅನ್ನೋ ಹಾಗೆ ಅನ್ಸತ್ತೆ ಅಂತಾರೆ, ಹಾಗಾಗಿ ಇದು ಅರಿವಿಲ್ಲದ ನೋಟ ಅಲ್ಲ, ತುಂಬಾ ಕೆಟ್ಟುಹೋದ ಮಾಮೂಲಿ ನೋಟ, ರೋಗಿಗಳು ಖಾತ್ರಿ ಇಲ್ದೆ ಕಾಣಲ್ಲ ಅಂತಾರೆ ಅಷ್ಟೆ ಅಂತ ವಾದ ಮಾಡೋರೂ ಇದಾರೆ. ನನಗೆ ಡಿಬಿ ವಿಷಯದಲ್ಲಿ ಈ ವಾದ ಅಷ್ಟು ಹಿಡ್ಸಲ್ಲ, ಆದ್ರೆ ತಳ್ಳಿಹಾಕೋ ಅಷ್ಟು ನಾನೇನೂ ದೊಡ್ಡೋನಲ್ಲ.

ಮನೇಲಿ ನಾನೂ ದೊಡ್ಡಪ್ಪನ ಎಡಗಡೆ ಬೆರಳು ಹಿಡ್ದು ಒಂದೋ ಎರಡೋ ಅಂತ ಕೇಳ್ದೆ, ಇಪ್ಪತ್ತಕ್ಕೆ ಒಂಬತ್ತು ಸರಿ. ಅಂದ್ರೆ ಏನೂ ಇಲ್ಲ. ಅದೂ ಅಲ್ದೆ ಕದ್ದು ಕಣ್ಣು ತಿರುಗಿಸ್ತಿದ್ರು, ಮನೆ ಪರೀಕ್ಷೆ ಹಣೆಬರಹ ಇಷ್ಟೇ. ಇದು ಎಲ್ಲರಿಗೂ ಇರೋದಲ್ಲ, ಇದ್ದವರೂ ದಿನಬಳಕೇಲಿ ಇದನ್ನ ನೆಚ್ಕೊಳ್ಳಲ್ಲ, ಟಿಎನ್ ಕೂಡ ಕೋಲು ಹಿಡೀತಿದ್ದೋರೇ. ದೊಡ್ಡಪ್ಪ ಈಗ ಕತ್ತು ಎಡಕ್ಕೆ ತಿರುಗಿಸಿ ನೋಡೋದು ಅಭ್ಯಾಸ ಮಾಡ್ಕೊಂಡಿದಾರೆ, ಸ್ಕೂಟರ್ ಕೀ ನಾವು ಎತ್ತಿಟ್ಟಿದೀವಿ.

ಇನ್ನು ಕ್ಲಾಸ್ ವಿಷಯ. ತಮಾಷೆ ನೋಡಿ, ಆ ಕಾಲಿಕ್ಯುಲಸ್ ನಿಜವಾಗ್ಲೂ ಇರೋದು ಮೆದುಳಿನ ಮಿಡ್‌ಬ್ರೇನ್ ಅನ್ನೋ ಭಾಗದಲ್ಲೇ, ಹೆಸರು ಅಲ್ಲಿಂದ ಎತ್ಕೊಂಡಿರ್ಬೇಕು. ಆದ್ರೆ ಟಿಎನ್ ಕಣ್ಣು ತೆರ್ಕೊಂಡೇ ನಡೆದಿದ್ದು, ಬೆಳಕು ಕಣ್ಣೊಳಗೆ ಹೋಗ್ಲೇಬೇಕು, ಕಣ್ಣಿಗೆ ಬಟ್ಟೆ ಕಟ್ಟಿದ್ರೆ ಮೇನ್ ರೋಡೂ ಬಂದ್ ಒಳದಾರೀನೂ ಬಂದ್. ಮಕ್ಕಳು ಓದೋದು ಮೂಗಿನ ಪಕ್ಕದ ಸಂದೀಲಿ ಇಣುಕಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಈ ಮಿಡ್‌ಬ್ರೇನ್ ಆಟಾನ ಬಯಲು ಮಾಡ್ತಾ ಬಂದಿದಾರೆ. ಆದ್ರೂ ಡೆಮೊಗೆ ಹೋಗ್ಲೇಬೇಕು ಅಂತಿದ್ರೆ ಈಜೋ ಗಾಗಲ್ ಒಂದು ತಗೊಂಡು ಒಳಗಡೆ ಪೂರ್ತಿ ಕಪ್ಪು ಟೇಪ್ ಅಂಟಿಸಿ ಜೇಬಲ್ಲಿ ಇಟ್ಕೊಂಡು ಹೋಗಿ, ನಿಮ್ಮ ಬಟ್ಟೆ ಬೇಡ ಸಾರ್ ಇದನ್ನ ಹಾಕಿ ಓದ್ಸಿ ಅನ್ನಿ. ಒಪ್ಪದಿದ್ರೆ ಫೀಸ್ ಕಟ್ದೆ ಮಗನ್ನ ಕರ್ಕೊಂಡು ಎದ್ದು ಬನ್ನಿ, ಗಾಗಲ್‌ನ ಟೇಪ್ ಕಿತ್ತು ಈಜಕ್ಕೆ ಕಳ್ಸಿ.